ಕೆಂಚನಿಗೆ ಎರಡು ಯೂನಿಟ್

ಕನ್ನಮ್ಮ ಸೂಜಿ ಚುಚ್ಚಿದರೆ ಗೊತ್ತೇ ಆಗುವುದಿಲ್ಲ ಎಂಬ ಮಾತು ತೀರ್ಥಹಳ್ಳಿಯ ಆಸುಪಾಸಿನಲ್ಲೆಲ್ಲ ಇತ್ತು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದಾದಿಯಾಗಿದ್ದ ಅವಳನ್ನು ಊರವರು ನರ್ಸಮ್ಮ ಎನ್ನುತ್ತಿದ್ದರು. ಬಾಣಂತಿಯರು, ಕೂಸುಗಳು, ಕತ್ತಿ ತಾಗಿಸಿಕೊಂಡು ಬಂದವರು, ಎಲ್ಲರೂ ಅವಳನ್ನೇ ಕೇಳಿಕೊಂಡು ಬರುವರು. ಆ ಹಗುರ ಕೈಯೇ ಅವಳನ್ನು ಮೂರು ವರ್ಷ ಒಂದು ಬೆಕ್ಕಿಗೆ ಕಟ್ಟಿಹಾಕಿತು.

ಬೆಕ್ಕು ಶರಾವತಮ್ಮನವರದು. ಅವರು ಆನಂದಪುರದ ಕಡೆಯ ಗೌಡರ ಮನೆಯ ಸೊಸೆ. ಮಕ್ಕಳಿರಲಿಲ್ಲ. ಗಂಡ ತೀರಿಹೋದ ಮೇಲೆ ತವರೂರಾದ ತೀರ್ಥಹಳ್ಳಿಗೆ ಬಂದು, ಹೊಳೆಗೆ ಹೋಗುವ ಬೀದಿಯಲ್ಲೊಂದು ಹೆಂಚಿನ ಮನೆ ಮಾಡಿಕೊಂಡಿದ್ದರು. ಜೊತೆಗೆ ಅಡುಗೆಯ ದುಗ್ಗಮ್ಮ, ಮತ್ತು ಕೆಂಚ ಎಂಬ ಕಂದು ಬಣ್ಣದ ಗಂಡು ಬೆಕ್ಕು.

ಕನ್ನಮ್ಮನ ಅಪ್ಪ ಬೆಳ್ಳಪ್ಪ ಅದೇ ಗೌಡರ ಗದ್ದೆಯನ್ನು ಗೇಣಿಗೆ ಮಾಡಿದವನು. ಗೇಣಿದಾರರಿಗೇ ಭೂಮಿ ಕೊಡಲು ಭೂನ್ಯಾಯ ಮಂಡಳಿ ಕೂತ ಕಾಲದಲ್ಲಿ ಶರಾವತಮ್ಮನ ಮೈದುನರು, 'ಬೆಳ್ಳಪ್ಪ ಗೇಣಿದಾರನಲ್ಲ, ಕೂಲಿಗೆ ಬರುತ್ತಿದ್ದವನು' ಎಂದು ಹೇಳಿಕೆ ಕೊಡಲು ಹೊರಟಿದ್ದರು. ಗದ್ದೆ ಇದ್ದದ್ದು ಶರಾವತಮ್ಮನ ಹೆಸರಿನಲ್ಲಿ. ಅವರು ಮಂಡಳಿಯ ಮುಂದೆ ನಿಂತು, "ಮೂವತ್ತು ವರ್ಷದಿಂದ ಗೇಣಿ ಅಳೆದಿದ್ದಾರೆ, ನಾನೇ ಕಣ್ಣಾರೆ ಕಂಡಿದೀನಿ" ಎಂದುಬಿಟ್ಟರು. ಗದ್ದೆ ಬೆಳ್ಳಪ್ಪನದಾಯಿತು. ಮೈದುನರು ಆಮೇಲೆ ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ.

ಎಂಬತ್ತೊಂದನೇ ಇಸವಿಯಲ್ಲಿ ಕನ್ನಮ್ಮನಿಗೆ ತೀರ್ಥಹಳ್ಳಿಗೆ ಕೆಲಸದ ಆರ್ಡರ್ ಬಂದಾಗ ಬೆಳ್ಳಪ್ಪ ಹೇಳಿದ್ದು ಒಂದೇ ಮಾತು. "ಅಮ್ಮೋರು ಅಲ್ಲೇ ಇದಾರೆ. ಅವರ ಋಣ ನಮ್ಮ ಮೇಲೆ ಐತೆ, ಮರೀಬ್ಯಾಡ."

ಎರಡು ವರ್ಷ ಆ ಋಣ ಅವಳಿಗೆ ಭಾರವೆನಿಸಲಿಲ್ಲ. ವಾರಕ್ಕೊಮ್ಮೆ ಹೋಗಿ ಕಾಫಿ ಕುಡಿದು, ನಾಲ್ಕು ಮಾತಾಡಿ ಬರುವಳು. ಎಂಬತ್ತಮೂರರ ಬೇಸಿಗೆಯಲ್ಲಿ ಕೆಂಚ ಬಚ್ಚಲ ಹಂಡೆಗೆ ಬಾಯಿ ಹಾಕಿ ನೀರು ಕುಡಿಯತೊಡಗಿದ. ಎಷ್ಟು ತಿಂದರೂ ಬೆನ್ನಮೂಳೆ ಎದ್ದು ಕಾಣುತ್ತಿತ್ತು. ಹಿಂಗಾಲುಗಳನ್ನು ಹಿಮ್ಮಡಿಯವರೆಗೂ ನೆಲಕ್ಕೆ ಊರಿ, ಮುದುಕನಂತೆ ನಡೆಯುತ್ತಿದ್ದ. ಅವನು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುತ್ತಿವೆ ಎಂದು ದುಗ್ಗಮ್ಮ ಗೊಣಗಿದ್ದು ಕನ್ನಮ್ಮನ ಕಿವಿಗೆ ಬಿತ್ತು.

ಬಸುರಿಯರ ಮೂತ್ರ ಪರೀಕ್ಷೆಗೆಂದು ಅವಳ ಚೀಲದಲ್ಲಿ, ಸಕ್ಕರೆ ಹೆಚ್ಚಿದ್ದಷ್ಟೂ ನೀಲಿಯಿಂದ ಕೆಂಪಿಗೆ ತಿರುಗುವ ಬೆನೆಡಿಕ್ಟ್ ದ್ರಾವಣ ಇರುತ್ತಿತ್ತು. ಕೆಂಚ ಉಚ್ಚೆಗೆ ಕೂರುವ ತಟ್ಟೆಗೆ ಮರಳಿನ ಬದಲು ಹೊಳೆಯ ಗೊರಜುಕಲ್ಲು ಹರಡಿ, ಮರುದಿನ ತಟ್ಟೆ ಬಾಗಿಸಿ ಮೂತ್ರ ಬಸಿದುಕೊಂಡಳು. ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಿದಳು. ನೋಡನೋಡುತ್ತ ಅದು ಇಟ್ಟಿಗೆಯ ಕೆಂಪಾಯಿತು.

ಪಶು ಆಸ್ಪತ್ರೆಯ ಡಾಕ್ಟರ್ ಮಂಜುನಾಥಪ್ಪ ಕಿವಿಯ ಅಂಚಿನಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಿ, ಸಕ್ಕರೆ ಕಾಯಿಲೆಯೇ ಹೌದು ಎಂದರು. "ಮನುಷ್ಯರಿಗೆ ಕೊಡೋ ಇನ್ಸುಲಿನ್ನೇ ಕೊಡ್ಬೇಕು. ಬೆಳಿಗ್ಗೆ ಎರಡು ಯೂನಿಟ್, ಸಂಜೆ ಎರಡು. ಹನ್ನೆರಡು ಗಂಟೆಯ ಅಂತರ ತಪ್ಪಬಾರ್ದು. ಹೊಟ್ಟೆಗೆ ತಿಂದ ಮೇಲೇ ಹಾಕ್ಬೇಕು, ತಿನ್ನದೆ ಇದ್ರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಬರುತ್ತೆ. ಓದಿ ಗೊತ್ತು ಅಷ್ಟೆ, ನಾನು ಬೆಕ್ಕಿಗೆ ಕೊಟ್ಟು ನೋಡಿಲ್ಲ."

ದುಗ್ಗಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಚುಚ್ಚೋ ಕೆಲ್ಸ ನನ್ ಕೈಲಿ ಆಗಾದಿಲ್ಲ." ಶರಾವತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಲೋಟ ಹಿಡಿದರೆ ಕಾಫಿ ತುಳುಕುವಷ್ಟು ನಡುಗುವ ಕೈಗಳು. ಅವರು ಕನ್ನಮ್ಮನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಯೋಚಿಸಿ ಹೇಳುತ್ತೇನೆ ಎನ್ನಬಹುದಿತ್ತು.

"ನಾನು ಹಾಕ್ತೀನಮ್ಮಾ" ಎಂದಳು ಕನ್ನಮ್ಮ.

ಅಲ್ಲಿಂದ ಅವಳ ದಿನಕ್ಕೆ ಎರಡು ಗೂಟಗಳಾದವು. ಬೆಳಿಗ್ಗೆ ಆರು, ಸಂಜೆ ಆರು. ಗಾಜಿನ ಸಿರಿಂಜನ್ನು ಕುದಿಸಬೇಕು. ತಂಪಿಗೆಂದು ಒದ್ದೆ ಮರಳಿನ ಮಡಕೆಯಲ್ಲಿಟ್ಟ ಇನ್ಸುಲಿನ್ ಶೀಶೆಯನ್ನು ಅಂಗೈಗಳ ನಡುವೆ ಮೆಲ್ಲನೆ ಉರುಳಿಸಬೇಕು. ಎರಡು ಯೂನಿಟ್ ಎಂದರೆ ಸಿರಿಂಜಿನಲ್ಲಿ ಹನಿಯಷ್ಟು ಔಷಧ, ಕಿಟಕಿಯ ಬೆಳಕಿಗೆ ಹಿಡಿದು ಗೆರೆ ನೋಡಬೇಕು. ಕೆಂಚನ ಭುಜದ ಚರ್ಮ ಎತ್ತಿ ಚುಚ್ಚಿದರೆ ಅವನು ಕಿವಿಯನ್ನೂ ಅಲುಗಿಸುತ್ತಿರಲಿಲ್ಲ. ತಿಂಗಳೊಳಗೆ ದ್ರಾವಣ ಹಳದಿಗೆ, ಆಮೇಲೆ ಹಸಿರಿಗೆ ಇಳಿಯಿತು. ಬೆಕ್ಕು ಅಟ್ಟ ಹತ್ತತೊಡಗಿತು.

ಕನ್ನಮ್ಮ ಮಾತ್ರ ಊರು ಬಿಟ್ಟು ಹೋಗದಂತಾದಳು. ಆಗುಂಬೆಯ ಕಡೆ ಹೆರಿಗೆಗೆ ಕರೆದರೆ ಮೊದಲು ಕೇಳುವುದು ವಾಪಸ್ ಬಸ್ಸು ಎಷ್ಟು ಗಂಟೆಗೆ ಎಂದು. ಗೆಳತಿಯರು ಸಿನಿಮಾಕ್ಕೆ ಕರೆಯುವುದನ್ನು ಬಿಟ್ಟರು. ತಮ್ಮ ಪುಟ್ಟಪ್ಪನ ಮದುವೆಗೆ ಬೆಳಗಿನ ಸೂಜಿ ಮುಗಿಸಿ ರಿಪ್ಪನ್‌ಪೇಟೆ ದಾರಿಯ ಬಸ್ಸು ಹಿಡಿದು ಊರಿಗೆ ಹೋದಳು. ಧಾರೆಯಾಯಿತು. ಊಟದ ಎಲೆ ಹಾಕುವ ಹೊತ್ತಿಗೆ ಚೀಲ ಹೆಗಲಿಗೇರಿಸಿದಳು.

"ಎಲ್ಲಿಗೆ ಹೊಂಟೆ? ಹೆಣ್ಣು ಇನ್ನೂ ಮನೆ ತುಂಬಿಲ್ಲ" ಎಂದಳು ತಾಯಿ ಕೆರಿಯಮ್ಮ.

"ಸಂಜೆ ಸೂಜಿ ಐತೆ ಅವ್ವ."

"ಬೆಕ್ಕಿನ ಸೂಜಿಗೆ ತಮ್ಮನ ಮದುವೆ ಬಿಟ್ಟು ಹೋಗ್ತೀಯ?"

ಬೆಳ್ಳಪ್ಪ ನಡುವೆ ಬಂದ. "ಹೋಗ್ಲಿ ಬಿಡು. ಅಮ್ಮೋರ ಮನೆ ಕೆಲಸ ಅದು." ಅಪ್ಪ ತಡೆಯಲಿ ಎಂದು ತಾನು ಆಸೆಪಟ್ಟಿದ್ದೆ ಎಂಬುದು ಕನ್ನಮ್ಮನಿಗೆ ಆಗಲೇ ತಿಳಿದದ್ದು. ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಶರಾವತಮ್ಮ ಕೆಟ್ಟವರಾಗಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅವರು ಅವಳಿಗೆಂದು ದೋಸೆ ಬಿಸಿಯಾಗಿಡುವರು, ಕೆಮ್ಮಿದರೆ ಕಷಾಯ ಮಾಡಿಸುವರು, "ನೀನಿಲ್ದಿದ್ರೆ ಇವನು ಎಂದೋ ಹೋಗ್ತಿದ್ದ" ಎಂದು ಬಂದವರೆದುರೆಲ್ಲ ಹೇಳುವರು. ಒಂದೊಂದು ಹೊಗಳಿಕೆಯೂ ಮತ್ತೊಂದು ಸುತ್ತು ಹಗ್ಗ ಬಿಗಿದ ಹಾಗಿರುತ್ತಿತ್ತು. ಎಂಬತ್ತೈದರಲ್ಲಿ ಬಡ್ತಿಯ ತರಬೇತಿಗೆ, ಆರು ತಿಂಗಳು ಶಿವಮೊಗ್ಗಕ್ಕೆ, ಅವಳ ಹೆಸರು ಬಂತು. 'ಮನೆಯ ಅನಾನುಕೂಲ' ಎಂದು ಬರೆದುಕೊಟ್ಟು ಬಿಟ್ಟುಬಿಟ್ಟಳು. ಯಾರಿಗೂ ಹೇಳಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಮೇಗರವಳ್ಳಿಯಲ್ಲಿ ಚುಚ್ಚುಮದ್ದಿನ ಶಿಬಿರ. ಬೀದಿಯಲ್ಲಿ ಜೀಪು ಹಾರ್ನ್ ಹಾಕುತ್ತಿತ್ತು. ಕನ್ನಮ್ಮ ಕೆಂಚನಿಗೆ ಸೂಜಿ ಹಾಕಿ ಎದ್ದಳು. ಬಾಗಿಲ ಬಳಿಯ ಬಟ್ಟಲಿನಲ್ಲಿ ಮೀನು ಹಾಗೆಯೇ ಇತ್ತು. ಸೂಜಿ ಹಾಕುವ ಮೊದಲೇ ಅವಳು ಅದನ್ನು ನೋಡಿದ್ದಳು. ಅದರ ಮಾತೆತ್ತದೆ ಹೋಗಿ ಜೀಪು ಹತ್ತಿದಳು.

ಶಿಬಿರದಲ್ಲಿ ಮೂವತ್ತು ಕೂಸುಗಳಿಗೆ ಚುಚ್ಚುವಷ್ಟರಲ್ಲಿ ಅವಳು ಮೂರು ಸಲ ಗಡಿಯಾರ ನೋಡಿದ್ದಳು. ಶಿಬಿರದ ಡಾಕ್ಟರಿಗೆ ಏನೋ ನೆಪ ಹೇಳಿ, ಆಗುಂಬೆ ಕಡೆಯಿಂದ ತೀರ್ಥಹಳ್ಳಿಗೆ ಬರುವ ಬಸ್ಸಿಗೆ ಕೈ ಅಡ್ಡ ಹಿಡಿದಳು. ಮನೆ ಸೇರಿದಾಗ ಹನ್ನೊಂದು. ಕೆಂಚ ಮಂಚದ ಕೆಳಗೆ ಬಿದ್ದು ಕಾಲು ಸೆಳೆಯುತ್ತಿದ್ದ. ಕಣ್ಣು ತೆರೆದಿದ್ದರೂ ಅವನಿಗೆ ಏನೂ ಕಾಣುತ್ತಿರಲಿಲ್ಲ. ಶರಾವತಮ್ಮ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು.

"ಜೇನುತುಪ್ಪ ಕೊಡು ದುಗ್ಗಕ್ಕ" ಎಂದು ಇಸಿದುಕೊಂಡ ಕನ್ನಮ್ಮ ಅದನ್ನು ಬೆರಳಿಗೆ ಬಳಿದುಕೊಂಡು ಅವನ ವಸಡಿಗೆ ಸವರಿದಳು. ಮತ್ತೆ ಸವರಿದಳು. ಬಹಳ ಹೊತ್ತಾದ ಮೇಲೆ ಕೆಂಚ ನಾಲಿಗೆ ಹೊರಳಿಸಿದ. ಅರ್ಧ ಗಂಟೆಗೆ ತಲೆಯೆತ್ತಿ, ಮೀನಿನ ಬಟ್ಟಲ ಕಡೆ ತೂರಾಡುತ್ತ ಹೋದ.

ಕನ್ನಮ್ಮ ಗೋಡೆಗೊರಗಿ ಕೂತಳು. "ಅವನು ತಿಂದಿಲ್ಲ ಅಂತ ನೋಡಿದ್ದೆ ಅಮ್ಮ. ನೋಡಿಯೂ ಹಾಕ್ದೆ. ಇವನು ಸತ್ರೆ ಸಾಕು ಅನ್ನಿಸ್ತು."

ದುಗ್ಗಮ್ಮ ಜೇನಿನ ಬಾಟಲಿ ಎತ್ತಿಕೊಂಡು ಒಳಗೆ ಹೋದಳು. ಶರಾವತಮ್ಮ ಬೆಕ್ಕನ್ನೇ ನೋಡುತ್ತಿದ್ದರು.

"ಎಷ್ಟು ದಿನದಿಂದ ಹಿಂಗೆ ಅನ್ನಿಸ್ತಿತ್ತು?"

"ಪುಟ್ಟಪ್ಪನ ಮದುವೆಯಿಂದ." ತರಬೇತಿ ಬಿಟ್ಟ ವಿಷಯವನ್ನೂ ಹೇಳಿದಳು. ಈ ಸಲದ ಪಟ್ಟಿಯಲ್ಲೂ ತನ್ನ ಹೆಸರಿದೆ ಎಂದಳು.

"ನನಗೆ ಯಾಕೆ ಹೇಳ್ಲಿಲ್ಲ?"

"ನಿಮಗೆ ಹ್ಯಾಗೆ ಹೇಳೋದು? ನಮ್ಮಪ್ಪನಿಗೆ ಗದ್ದೆ ಕೊಟ್ಟೋರು ನೀವು."

"ನಾನೆಲ್ಲಿ ಕೊಟ್ಟೆ ಕನ್ನಿ? ಉತ್ತೋರು ನಿಮ್ಮಪ್ಪ. ಇದ್ದದ್ದನ್ನ ಇದೆ ಅಂದೆ, ಅಷ್ಟೆ. ಆದ್ರೆ ನೀನು ದಿನಾ ಬರೋದು ನನಗೆ ಹಿತವಾಗಿತ್ತು. ಅದಕ್ಕೇ ನಾನೂ ವಿಚಾರಿಸ್ಲಿಲ್ಲ" ಎಂದರು. ಆಮೇಲೆ ನಡುಗುವ ಕೈ ಚಾಚಿದರು. "ಹ್ಯಾಗೆ ಹಿಡಿಯೋದು, ತೋರ್ಸು."

ಕಲಿಯಲು ಮೂರು ವಾರ ಹಿಡಿಯಿತು. ಔಷಧ ಎಳೆದುಕೊಳ್ಳುವುದು ಶರಾವತಮ್ಮನ ಕೈಲಿ ಆಗಲೇ ಇಲ್ಲ, ಗೆರೆ ನಿಲ್ಲುತ್ತಿರಲಿಲ್ಲ. ಅಕ್ಷರ ಬಾರದ ದುಗ್ಗಮ್ಮ ಗೆರೆ ಎಣಿಸಲು ಒಪ್ಪಿದಳು, ಚುಚ್ಚಲು ಒಪ್ಪಲಿಲ್ಲ. ಹೀಗಾಗಿ ದುಗ್ಗಮ್ಮ ಎಳೆದುಕೊಡುವಳು, ಶರಾವತಮ್ಮ ಮೊಣಕೈಯನ್ನು ಮಂಚದ ಅಂಚಿಗೆ ಊರಿ ಚುಚ್ಚುವರು. ದ್ರಾವಣ ಕುದಿಸಿ ಬಣ್ಣ ನೋಡುವುದನ್ನೂ ಇಬ್ಬರೂ ಕಲಿತರು. ಮೊದಲ ವಾರ ಸೂಜಿ ಅವರ ಬೆರಳಿಗೇ ಎರಡು ಸಲ ಹೋಯಿತು.

ಏಪ್ರಿಲ್‌ನಲ್ಲಿ ಕನ್ನಮ್ಮ ಶಿವಮೊಗ್ಗಕ್ಕೆ ಹೋದಳು. ಹಾಸ್ಟೆಲಿನಲ್ಲಿ ಸಂಜೆ ಆರಾದರೆ ಮೈಯೆಲ್ಲ ಚಡಪಡಿಕೆ. ಎಲ್ಲೋ ಹೋಗಬೇಕಿತ್ತು, ತಡವಾಯಿತು ಎಂದು ಹಾಸಿಗೆಯಿಂದ ಎದ್ದು ನಿಲ್ಲುವಳು. ಶರಾವತಮ್ಮನ ಇನ್‌ಲ್ಯಾಂಡ್ ಪತ್ರಗಳು ಅಡ್ಡಾದಿಡ್ಡಿ ಅಕ್ಷರದಲ್ಲಿ ಬರುತ್ತಿದ್ದವು. ದ್ರಾವಣ ಸೋಮವಾರ ಹಸಿರು, ಗುರುವಾರ ಹಳದಿ, ದುಗ್ಗಿ ಕ್ಷೇಮ. ಆಗಸ್ಟಿನ ಪತ್ರದಲ್ಲಿ ಬಣ್ಣ ಇರಲಿಲ್ಲ. 'ಕೆಂಚ ಮೊನ್ನೆ ಬೆಳಿಗ್ಗೆ ಹೋದ. ಸೂಜಿ ತಪ್ಪಿಸಿರಲಿಲ್ಲ. ವಯಸ್ಸಾಗಿತ್ತು. ನೀನು ಪರೀಕ್ಷೆಗೆ ಓದು.' ಅವಳು ಪತ್ರವನ್ನು ಎರಡು ಸಲ ಓದಿದಳು. ಅಳು ಬಂತು. ಅದರ ಜೊತೆಗೇ ಹಗುರವೂ ಆಯಿತು, ಹಾಗಾದದ್ದಕ್ಕೆ ನಾಚಿಕೆಯಾಯಿತು.

ತರಬೇತಿ ಮುಗಿದ ಮೇಲೆ ಹೊಸನಗರಕ್ಕೆ ಹಾಕಿದರು. ಕೆಲಸಕ್ಕೆ ಸೇರುವ ಮೊದಲು ತೀರ್ಥಹಳ್ಳಿಗೆ ಹೋಗಿ ಶರಾವತಮ್ಮನ ಕಾಲಿಗೆ ನಮಸ್ಕಾರ ಮಾಡಿದಳು. ಅವರು ಇನ್ನಷ್ಟು ಸೊರಗಿದ್ದರು. ಮಾತಿನ ನಡುವೆ, "ಎರಡು ದಿನ ಇದ್ದು ಹೋಗು, ಮನೆ ಬಿಕೋ ಅಂತಿದೆ" ಎಂದರು.

"ಇಲ್ಲಮ್ಮಾ, ಆಗಲ್ಲ" ಎಂದಳು ಕನ್ನಮ್ಮ. ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ. ದುಗ್ಗಮ್ಮ ಕಟ್ಟಿಕೊಟ್ಟ ರೊಟ್ಟಿ ಹಿಡಿದು, ನಾಲ್ಕು ಗಂಟೆಯ ಹೊಸನಗರದ ಬಸ್ಸಿಗೆ ಹೋಗಿ ನಿಂತಳು.