ತೂತಿಲ್ಲದ ಗುಂಡಿ

ಆಯಿತು, ದೋಣಿಯ ವಿಷಯ ನಂಬಬೇಡಿ. ನೀವು ಹುಬ್ಬೇರಿಸಿದ್ದು ಇಲ್ಲಿಗೇ ಕಾಣುತ್ತಿದೆ. ಕಲ್ಲಿದ್ದಲು ಹೇರಿಕೊಂಡು ಮಿಸಿಸಿಪಿ ನದಿಯಲ್ಲಿ ಹೊರಟಿದ್ದ ಸರಕುದೋಣಿ ಪರ್ಲ್ ಬೆಂಡ್ ಊರಿನ ತಿರುವಿನಲ್ಲಿ ನಿಂತೇಬಿಟ್ಟಿತು, ಮುಂದೆ ಹೋದರೆ ಗುಡ್ಡ ಅಡ್ಡ ಬಂದು ರೇಡಿಯೋದಲ್ಲಿ ಬೇಸ್‌ಬಾಲ್ ಆಟ ಹೇಳುತ್ತಿದ್ದ ಎಮಿಲ್ ಹಾಫ್ನರನ ದನಿ ತಪ್ಪಿಹೋಗುತ್ತದೆಂದು ಕಪ್ತಾನ ಆಟ ಮುಗಿಯುವ ತನಕ ಲಂಗರು ಎತ್ತಲಿಲ್ಲ. ಇದು ಸುಳ್ಳೆಂದೇ ಇಟ್ಟುಕೊಳ್ಳಿ. ಹಾಗಾದರೆ ಹಸುಗಳಿಗೇನು ಹೇಳುತ್ತೀರಿ? ಎಮಿಲನಿಗೆ ಗಂಟಲು ಕಟ್ಟಿದ ವಾರ ಆ ಸೀಮೆಯ ಹಸುಗಳು ಹಾಲು ಕರೆಯಲು ಬಂದವರನ್ನೆಲ್ಲ ಒದ್ದವು. ಹಸುವಿಗೆ ಬೇಸ್‌ಬಾಲ್ ಏನು ಗೊತ್ತು ಅನ್ನುತ್ತೀರಿ. ಗೊತ್ತಿಲ್ಲ, ಒಪ್ಪಿದೆ. ಎಮಿಲನ ಹೆಂಡತಿ ಲೀಟಾಗೂ ಗೊತ್ತಿರಲಿಲ್ಲ. ಅವನ ಹೆಸರೆಲ್ಲ ಬಂದದ್ದೇ ಅದರಿಂದ.

ಎಮಿಲ್ ಹುಟ್ಟಿದ್ದು ಮಾತಿನವನಾಗಿ ಅಲ್ಲ, ಗುಂಡಿಯವನಾಗಿ. ನದಿಯ ಚಿಪ್ಪು ತಂದು, ದುಂಡಗೆ ಬಿಲ್ಲೆ ಕತ್ತರಿಸಿ, ಉಜ್ಜಿ, ತೂತು ಕೊರೆದು ಅಂಗಿಯ ಗುಂಡಿ ಮಾಡುವುದು ಆ ಊರಿನ ಕಸುಬು. ಊರಿನ ಅರ್ಧ ಜನ ಕಾರ್ಖಾನೆಯಲ್ಲಿದ್ದರೆ ಇನ್ನರ್ಧ ಜನ ಅವರಿಗೆ ಅಡುಗೆ ಮಾಡುತ್ತಿದ್ದರು. ಊರಿನ ಬೇಸ್‌ಬಾಲ್ ತಂಡದ ಹೆಸರೂ ಬಟನ್ಸ್ ಎಂದೇ. ಹೊರಗಿನ ತಂಡದವರು ಬಂದಾಗಲೆಲ್ಲ, "ಒಂದು ಸಲ ಒಗೆದ್ರೆ ಸಾಕು, ಎಲ್ಲಾ ಉದುರಿಹೋಗ್ತಾವೆ" ಎಂದು ಆಡಿಕೊಳ್ಳುತ್ತಿದ್ದರು. ಬಹಳ ಸಲ ಉದುರುತ್ತಲೂ ಇದ್ದೆವೆನ್ನಿ.

ಎಮಿಲ್ ತೂತು ಕೊರೆಯುವ ಯಂತ್ರದ ಮುಂದೆ ಕೂರುತ್ತಿದ್ದ. ಆ ಗದ್ದಲದಲ್ಲಿ ಮಾತಾಡಿ ಪ್ರಯೋಜನವಿಲ್ಲವಾದ್ದರಿಂದ ಮಾತೇ ಬಿಟ್ಟಿದ್ದ. ಒಂದು ದಿನ ಮೈದಾನದ ಮೇಲಿನ ರೇಡಿಯೋ ಗೂಡಿನಲ್ಲಿ ಕುರ್ಚಿಯ ಕಾಲು ಅಲ್ಲಾಡುತ್ತಿದೆಯೆಂದು ಸುತ್ತಿಗೆ ಹಿಡಿದು ಏಣಿ ಹತ್ತಿದ. ಕಾಮೆಂಟರಿ ಹೇಳುತ್ತಿದ್ದವನಿಗೆ ಗಂಟೆ ಬಾರಿಸಿದಂಥ ದನಿ. ಬಾಯಿ ದೊಡ್ಡದಾಗಿ ತೆರೆಯುತ್ತಿದ್ದ, ಅದೇ ಅವನ ಕರ್ಮ. ಜೇನ್ನೊಣವೊಂದು ನೆಟ್ಟಗೆ ಒಳಗೆ ಹೋಯಿತು. ಅವನು ಏಣಿ ಇಳಿದು ಓಡಿದ. ಮೈಕು ತೆರೆದೇ ಇತ್ತು, ಆಟ ನಡೆದೇ ಇತ್ತು, ಕುರ್ಚಿ ಎಮಿಲನ ಕೈಯಲ್ಲಿತ್ತು.

ಕೂತ. ಇಷ್ಟು ಜನಕ್ಕೆ ಏನು ಹೇಳುವುದು? ಕಣ್ಣು ಮುಚ್ಚಿದರೆ ಕಂಡವಳು ಲೀಟಾ. ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿರುತ್ತಾಳೆ, ಪಕ್ಕದಲ್ಲಿ ರೇಡಿಯೋ ಇದೆ. ಅವಳೊಬ್ಬಳಿಗೆ ಹೇಳಿದರಾಯಿತು ಅನ್ನಿಸಿತು.

"ಲೀಟಾ," ಅಂದ. "ಆಕಾಶ ನಿನ್ನ ನೀಲಿ ಏಪ್ರನ್ ಥರ ಇದೆ ಇವತ್ತು. ಜೇಬಿನ ಹತ್ರ ಒಂದು ಕಲೆ ಇದ್ಯಲ್ಲ, ಆ ಜಾಗದಲ್ಲಿ ಒಂದು ಮೋಡ. ಎಸೆಯೋ ಹುಡುಗ ಇದಾನಲ್ಲ, ಬೆಳಗ್ಗೆ ತಿಂಡಿ ತಿಂದಿಲ್ಲ ಅಂತ ಕಾಣತ್ತೆ. ಎಸೆದ. ಅಯ್ಯೋ, ಹೊಡೆದುಬಿಟ್ಟ ಕಣೇ!"

ಅಲ್ಲಿಂದ ಎಮಿಲ್ ಏಣಿ ಇಳಿದದ್ದು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ. ಪ್ರತಿ ಆಟವೂ ಲೀಟಾ ಎಂದೇ ಶುರುವಾಗುತ್ತಿತ್ತು. ಆಟ ಗೊತ್ತಿಲ್ಲದವಳಿಗೆ ಹೇಳುವುದಾದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳಬೇಕಿತ್ತು. ಗಾಳಿ ಯಾವ ಕಡೆಗಿದೆ, ಯಾರ ಚೆರ್ರಿ ಪೈ ಸೀದಿದೆ, ಅಂಪೈರನಿಗೆ ಹೊಸ ಷೂ ಕಚ್ಚುತ್ತಿದೆ, ಇದರ ಮಧ್ಯೆ ಚೆಂಡು. ಕಾಯಿಲೆಯಲ್ಲಿ ಮಲಗಿದವರು, ಒಬ್ಬಂಟಿಗರು, ಬಾಣಂತಿಯರು, ಎಲ್ಲರಿಗೂ ತಮ್ಮ ಮಂಚದ ತುದಿಯಲ್ಲಿ ಯಾರೋ ಬಂದು ಕೂತು ಹರಟುತ್ತಿದ್ದಾರೆ ಅನ್ನಿಸುತ್ತಿತ್ತು. ಅಂಗಡಿಯಲ್ಲಿ ಹೆಂಗಸರು ಲೀಟಾಳನ್ನು ಛೇಡಿಸುತ್ತಿದ್ದರು. "ನಿಂದೇ ಅದೃಷ್ಟ ಕಣೆ, ಗಂಡ ಊರಿಗೆಲ್ಲ ಕೇಳೋ ಹಾಗೆ ಮಾತಾಡಿಸ್ತಾನೆ."

"ಏನು ಅದೃಷ್ಟ!" ಎಂದು ಲೀಟಾ ಮೂಗು ಮುರಿಯುತ್ತಿದ್ದಳು. "ಮನೇಲಿ ತುಟಿ ಬಿಚ್ಚಲ್ಲ. ನನ್ನ ಗಂಡನ ಜತೆ ಮಾತಾಡ್ಬೇಕು ಅಂದ್ರೆ ನಾನೂ ನಿಮ್ಮ ಹಾಗೆ ರೇಡಿಯೋನೇ ಹಾಕ್ಬೇಕು."

ಹೀಗೇ ಕೂದಲು ನೆರೆಯಿತು. ಆಗ ಶಿಕಾಗೋದಿಂದ ರೇಡಿಯೋ ಸ್ಟೇಷನ್ನಿಗೆ ಹೊಸ ಮ್ಯಾನೇಜರ್ ಬಂದ. ಹೆಸರು ಪೆಂಬರ್. ಕೆಟ್ಟವನಲ್ಲ, ಕಡ್ಡಿಯಂಥ ಹುಡುಗ, ಕಡ್ಡಿಯಂಥದೇ ದನಿ. ಅದುವರೆಗೆ ರೇಡಿಯೋದಲ್ಲಿ ಸೋಪಿನ ಜಾಹೀರಾತು ಮಾರುತ್ತಿದ್ದವನು. ಬೇಸ್‌ಬಾಲ್ ಅವನಿಗೆ ಅಂಕಿಗಳಾಗಿ ಗೊತ್ತಿತ್ತು, ಆಟವಾಗಿ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಆಟಕ್ಕೆ ಮೊದಲು ಏಣಿ ಹತ್ತಿ ಬಂದು ಎಮಿಲನ ಪಕ್ಕ ಸ್ಟೂಲು ಎಳೆದುಕೊಂಡ.

"ಮಿಸ್ಟರ್ ಹಾಫ್ನರ್, ನೇರವಾಗಿ ಹೇಳ್ಬಿಡ್ತೀನಿ. ಈಗೆಲ್ಲ ಹೀಗೆ ನಡೆಯಲ್ಲ. ಆಕಾಶ ಬೇಡ, ಪೈ ಬೇಡ, ನಿಮ್ಮ ಮನೆಯವರ ಏಪ್ರನ್ ಬೇಡ. ಏನಾಯ್ತು, ಸ್ಕೋರ್ ಎಷ್ಟು, ಅಷ್ಟು ಸಾಕು. ಇವತ್ತು ಇಲ್ಲೇ ಕೂತು ಕೇಳ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಈ ಕುರ್ಚಿಗೆ ಬೇರೆಯವರು ಬರ್ತಾರೆ. ಬೇಜಾರ್ ಮಾಡ್ಕೋಬೇಡಿ."

"ಬೇಜಾರೇನಿಲ್ಲ. ಕುರ್ಚಿ ಕಾಲು ಮಾತ್ರ ಇನ್ನೂ ಅಲ್ಲಾಡತ್ತೆ, ಬರೋರಿಗೆ ಹೇಳ್ಬಿಡಿ" ಎಂದ ಎಮಿಲ್. ಅವನ ಚಿಂತೆ ಬೇರೆಯೇ ಇತ್ತು. ಕುರ್ಚಿ ಹೋದರೆ ಹೋಗಲಿ, ಲೀಟಾಳ ಜೊತೆ ಮಾತಾಡುವುದು ಎಲ್ಲಿಂದ? ಮನೆಯಲ್ಲಿ ಮಾತಾಡುವುದನ್ನು ಅವನು ಕಲಿತೇ ಇರಲಿಲ್ಲ.

ಆವತ್ತು ಬಾಯಿಗೆ ಬೀಗ ಹಾಕಿಕೊಂಡೇ ಶುರು ಮಾಡಿದ. ಲೀಟಾ ಅನ್ನಲಿಲ್ಲ. ಬಾಲ್, ಸ್ಟ್ರೈಕ್, ಔಟ್, ಸ್ಕೋರ್. ಊರಿನ ಮನೆಗಳಲ್ಲಿ ಜನ ರೇಡಿಯೋದ ಕಿವಿ ಹಿಂಡಿ, ಬೆನ್ನಿಗೆ ಗುದ್ದಿ ನೋಡಿದರು, ಕೆಟ್ಟಿದೆಯೇನೋ ಎಂದು.

ಆ ದಿನ ಎಸೆಯುತ್ತಿದ್ದವನು ನಮ್ಮೂರಿನವನೇ, ಲಾಯ್ಡ್ ಬೆಕ್ಮನ್. ಚಳಿಗಾಲವೆಲ್ಲ ಗುಂಡಿ ಕಾರ್ಖಾನೆಯಲ್ಲಿ ಚಿಪ್ಪು ಹೊರುವವನು, ಎಡಗೈಯವನು, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅವನಿಗೆ ಆವತ್ತು ಏನು ಮೈಮೇಲೆ ಬಂದಿತ್ತೋ! ಬ್ಯಾಟು ಬೀಸಿದವರೆಲ್ಲ ಗಾಳಿಯನ್ನೇ ಹೊಡೆದು ಹೋದರು. ಆರನೇ ಇನಿಂಗ್ಸ್ ಮುಗಿದಾಗ ಎದುರು ತಂಡದ ಒಬ್ಬನೂ ಅವನ ಚೆಂಡನ್ನು ನೆಟ್ಟಗೆ ಹೊಡೆದು ಮೊದಲ ಬೇಸ್ ಮುಟ್ಟಿರಲಿಲ್ಲ. ಒಂದೂ ಹೊಡೆತ ಕೊಡದೆ ಪೂರ್ತಿ ಒಂಬತ್ತು ಇನಿಂಗ್ಸ್ ಎಸೆದು ಮುಗಿಸುವುದು ಒಬ್ಬ ಪಿಚರನ ಆಯುಸ್ಸಿನಲ್ಲಿ ಒಂದು ಸಲ ಬಂದರೆ ದೊಡ್ಡದು. ಅದಕ್ಕೊಂದು ಹೆಸರಿದೆ. ಆದರೆ ಮುಗಿಯುವ ತನಕ ಆ ಹೆಸರನ್ನು ಯಾರೂ ಎತ್ತಬಾರದು. ಎತ್ತಿದರೋ, ಕೆಟ್ಟಿತು. ಅದಕ್ಕೇ ಲಾಯ್ಡ್ ಬೆಂಚಿಗೆ ಬಂದಾಗ ಜೊತೆಯವರೆಲ್ಲ ಅವನಿಗೆ ಸಿಡುಬು ಎದ್ದಿದೆಯೇನೋ ಎಂಬಂತೆ ಆ ತುದಿಗೆ ಸರಿದು ಕೂತರು. ಇಲ್ಲೂ ಆ ಹೆಸರು ಹೇಳುವುದಿಲ್ಲ. ಈ ಹೊತ್ತಿನಲ್ಲೇ ಎಲ್ಲೋ ಯಾವ ಬಡಪಾಯಿಯೋ ಎಸೆಯುತ್ತಿರಬಹುದು.

ಪೆಂಬರ್ ತನ್ನ ಅಂಕಿಗಳನ್ನು ನೋಡಿ ಹೌಹಾರಿದ. ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. "ಹೇಳ್ರೀ! ಇದಕ್ಕಿಂತ ದೊಡ್ಡ ಸುದ್ದಿ ಇದ್ಯಾ? ಹೇಳಿದ್ರೆ ಜಿಲ್ಲೆಯೆಲ್ಲ ರೇಡಿಯೋ ಹಾಕತ್ತೆ."

"ಆ ಮಾತು ಹೇಳೋ ಹಾಗಿಲ್ಲ."

"ಮೂಢನಂಬಿಕೆ!"

"ಹೌದು, ಮೂಢನಂಬಿಕೆನೇ. ಆದ್ರೆ ಲಾಯ್ಡ್‌ನ ತಾಯಿ ಕೇಳ್ತಾ ಕೂತಿದಾಳೆ. ನಾನು ಹೇಳಿ ಅದು ಕೆಟ್ಟೋದ್ರೆ ಅವಳ ಮುಖ ಹೆಂಗೆ ನೋಡ್ಲಿ?"

"ನೀವು ಹೇಳ್ತೀರೋ, ಇಲ್ಲಾ ಕುರ್ಚಿ ಬಿಡ್ತೀರೋ?"

ಎಮಿಲ್ ಕೆಳಗೆ ನೋಡಿದ. ಲಾಯ್ಡ್ ಒಬ್ಬನೇ ಬೆಂಚಿನಲ್ಲಿ ಮೊಣಕಾಲು ಕುಣಿಸುತ್ತಿದ್ದ. ಊರಿಗೆ ಸುದ್ದಿ ಮುಟ್ಟಬೇಕು, ಆ ಮಾತು ಬಾಯಿಗೆ ಬರಬಾರದು. ಎಮಿಲ್ ಅಂಗಿಯ ಗುಂಡಿಯನ್ನು ತಿರುವುತ್ತಾ ತಿರುವುತ್ತಾ ತಟ್ಟನೆ ಮೈಕಿಗೆ ಬಗ್ಗಿದ.

"ಲೀಟಾ," ಅಂದ. ಊರೆಲ್ಲ ಉಸಿರು ಬಿಟ್ಟಿತು. "ಲಾಯ್ಡ್ ಇವತ್ತು ಒಂದು ಗುಂಡಿ ಮಾಡ್ತಾ ಇದಾನೆ ಕಣೇ. ಏನು ದುಂಡು, ಏನು ಹೊಳಪು! ಇಲ್ಲೀವರ್ಗೂ ಒಂದೂ ತೂತು ಬಿದ್ದಿಲ್ಲ. ಒಂದೇ ಒಂದೂ ಇಲ್ಲ."

ಪೆಂಬರ್ ಸ್ಟೂಲಿನಿಂದ ಎದ್ದೇಬಿಟ್ಟ. "ಸುದ್ದಿ ಹೇಳಿ ಅಂದ್ರೆ ಗುಂಡಿ ಕಥೆ ಹೇಳ್ತೀರಲ್ರೀ! ಮುಗೀತು. ಆಟ ಮುಗಿದ ಮೇಲೆ ಸಾಮಾನು ತಗೊಂಡು ಇಳಿರಿ."

ಅತ್ತ ಕಾರ್ಖಾನೆಯಲ್ಲಿ ಏನಾಯಿತೆಂದು ಅವನಿಗೇನು ಗೊತ್ತು? ಅಲ್ಲಿ ಯಂತ್ರಗಳ ಸದ್ದಿಗೆ ರೇಡಿಯೋ ಕೇಳುತ್ತಿರಲಿಲ್ಲ. ಹಿಲ್ಡಾ ಎಂಬ ದಪ್ಪ ಹೆಂಗಸು ರೇಡಿಯೋಗೆ ಕಿವಿ ಅಂಟಿಸಿಕೊಂಡು ಉಳಿದವರಿಗೆ ಕೈಸನ್ನೆಯಲ್ಲಿ ಆಟ ಹೇಳುತ್ತಿದ್ದಳು. ಅವಳು ಹೆಬ್ಬೆರಳು, ತೋರುಬೆರಳು ಸೇರಿಸಿ ದುಂಡಗೆ ಗುಂಡಿ ಮಾಡಿದಳು. ಆಮೇಲೆ ಇನ್ನೊಂದು ಕೈಯ ಬೆರಳನ್ನು ತೂತು ಕೊರೆಯುವಂತೆ ಎತ್ತಿ, ಅಡ್ಡಡ್ಡ ಆಡಿಸಿದಳು. ಇಲ್ಲ. ತೂತಿಲ್ಲ. ಒಬ್ಬ ಯಂತ್ರ ನಿಲ್ಲಿಸಿದ, ಪಕ್ಕದವನೂ ನಿಲ್ಲಿಸಿದ. ಫೋರ್‌ಮನ್ ಬೈಯಲು ಬಂದವನು ಬೈಯದೆ ಟೊಪ್ಪಿಗೆ ಹುಡುಕತೊಡಗಿದ.

ಎಂಟನೇ ಇನಿಂಗ್ಸಿನ ಹೊತ್ತಿಗೆ ಗುಡ್ಡದ ಮೇಲಿಂದ ಜನ ಇಳಿಯುವುದು ಕಂಡಿತು. ಏಪ್ರನ್ ತೊಟ್ಟವರು, ಹುಬ್ಬಿಗೆಲ್ಲ ಚಿಪ್ಪಿನ ಬಿಳಿ ಪುಡಿ ಮೆತ್ತಿಕೊಂಡವರು, ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕ್ಷೌರದಂಗಡಿಯಿಂದ ಎದ್ದು ಬಂದವನೊಬ್ಬ. ಒಬ್ಬೊಬ್ಬರ ಕೈಯಲ್ಲೊಂದು ಪುಟ್ಟ ರೇಡಿಯೋ, ಯಾರ ಬಾಯಲ್ಲೂ ಮಾತಿಲ್ಲ.

"ಎಲ್ಲಾದ್ರೂ ಬೆಂಕಿ ಬಿತ್ತಾ?" ಎಂದು ಪೆಂಬರ್ ಕಂಗಾಲಾದ.

"ಇಲ್ಲ ಮಿಸ್ಟರ್ ಪೆಂಬರ್. ಸುದ್ದಿ ಮುಟ್ತು."

ಪೆಂಬರ್ ಜನವನ್ನು ನೋಡಿದ, ಎಮಿಲನನ್ನು ನೋಡಿದ, ನಿಧಾನವಾಗಿ ಸ್ಟೂಲಿನ ಮೇಲೆ ಕೂತ.

ಒಂಬತ್ತನೇ ಇನಿಂಗ್ಸ್. ಇಬ್ಬರು ಔಟ್. ಇನ್ನೊಬ್ಬ ಔಟಾದರೆ ಆಯಿತು. ಎಮಿಲ್ ಬಾಯಿ ತೆರೆದ. ಮಾತು ಹೊರಡಲಿಲ್ಲ. ಚಿಪ್ಪು ಹೊತ್ತು ಬೆನ್ನು ಬಗ್ಗಿದ ಆ ಹುಡುಗ ಕೆಳಗೆ ನಿಂತು ಮುಂಗೈಯಿಂದ ಹಣೆ ಒರೆಸಿಕೊಳ್ಳುವುದನ್ನು ನೋಡುತ್ತಾ ಮೈಕನ್ನೇ ಮರೆತಿದ್ದ. ರೇಡಿಯೋ ಮೌನವಾಯಿತು. ಊರಿನವರಿಗೆ ಆ ಮೌನವೂ ಮಾತೇ. ರೇಡಿಯೋ ಕಸುಬಿನವನಿಗೆ ಮಾತ್ರ ಮೌನಕ್ಕಿಂತ ದೊಡ್ಡ ಪಾಪವಿಲ್ಲ. ಪೆಂಬರ್‌ಗೆ ಕೈಕಾಲು ಆಡಲಿಲ್ಲ. ಎಮಿಲನ ಹೆಗಲ ಮೇಲಿಂದ ಬಗ್ಗಿ, ತನ್ನ ಕಡ್ಡಿ ದನಿಯಲ್ಲಿ, "ಮಹಿಳೆಯರೇ, ಮಹನೀಯರೇ, ಲಾಯ್ಡ್ ಬೆಕ್ಮನ್‌ಗೆ ಇನ್ನೊಂದೇ ಔಟ್ ಬೇಕು, ಆದರೆ ಇದು..." ಅಂದು ಆ ಮಾತನ್ನು ಹೇಳಿಯೇಬಿಟ್ಟ.

ಮೈದಾನದ ಅಷ್ಟೂ ತಲೆಗಳು ಗೂಡಿನ ಕಡೆ ತಿರುಗಿದವು. ಲಾಯ್ಡ್ ಎಸೆದ. ಬ್ಯಾಟಿನ ತುದಿಗೆ ತಾಗಿದ ಚೆಂಡು ಕೋಳಿ ಹಾರುವಷ್ಟು ಎತ್ತರ ಹಾರಿ ಓಡಿಬಂದ ಇಬ್ಬರ ನಡುವೆ ಹುಲ್ಲಿನಲ್ಲಿ ಪತಕ್ಕನೆ ಬಿತ್ತು. ಹೊಡೆದವನು ಮೊದಲ ಬೇಸ್ ಮುಟ್ಟಿಯಾಗಿತ್ತು.

ಲಾಯ್ಡ್ ಅದರ ಮುಂದಿನವನನ್ನು ಔಟ್ ಮಾಡಿ ಆಟ ಗೆದ್ದ. ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಲ್ಡಾ ತೋಳು ಮಡಿಸಿಕೊಂಡು ಏಣಿಯ ಬುಡಕ್ಕೆ ಬಂದಳು, ಬೆನ್ನಿಗೆ ಅರ್ಧ ಕಾರ್ಖಾನೆ.

"ಯಾವ ದರಿದ್ರ ಬಾಯಿ ಅದು? ಇಳಿಸ್ರೋ ಕೆಳಗೆ, ಚಿಪ್ಪಿನ ಗೋಣಿಗೆ ಹಾಕಿ ಹೊಲೀತೀನಿ!"

ಪೆಂಬರ್‌ನ ಮುಖ ಸುಣ್ಣವಾಯಿತು. ತಾನು ಏನು ಮಾಡಿದೆನೆಂದು ಆಗ ಅವನಿಗೆ ತಿಳಿಯಿತು. ಎಮಿಲ್ ಒಂದು ಗಳಿಗೆ ಅವನನ್ನು ನೋಡಿ, ಮೈಕು ಹತ್ತಿರ ಎಳೆದುಕೊಂಡ.

"ಲೀಟಾ, ತಪ್ಪು ನಂದೇ ಕಣೇ. ನಾನೇ ಬಾಯಿತಪ್ಪಿ ಅಂದ್ಬಿಟ್ಟೆ. ಲಾಯ್ಡ್‌ಗೂ ಅವನ ತಾಯಿಗೂ ನನ್ನ ಕಡೆಯಿಂದ ಕ್ಷಮಾಪಣೆ."

ಎಮಿಲನದು ಎತ್ತಿನ ದನಿ, ಪೆಂಬರ್‌ನದು ಜೀರುಂಡೆಯದು. ತೊಟ್ಟಿಲ ಕೂಸೂ ಮೋಸಹೋಗುವಂತಿರಲಿಲ್ಲ. ಹಿಲ್ಡಾ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಳು.

"ಎಮಿಲ್!" ಎಂದು ಕೊನೆಗೆ ಕೂಗಿದಳು. "ನಿನ್ನ ನಾಲಿಗೆಗೊಂದು ಗುಂಡಿ ಹಾಕ್ಕೋ, ಮುದಿಯಾ! ಬೇಕಾದ್ರೆ ನಾನೇ ಹೊಲಿದು ಕೊಡ್ತೀನಿ!"

ಬೆನ್ನಿಗಿದ್ದವರೂ ಹಿಂದೆ ಬೀಳಲಿಲ್ಲ. ಹುಸಿಕೋಪದಲ್ಲಿ ಎಮಿಲನನ್ನು ಬಯ್ಯುತ್ತಾ ಬಯ್ಯುತ್ತಾ ಒಬ್ಬೊಬ್ಬರೇ ಗುಡ್ಡ ಹತ್ತಿದರು. ಪೆಂಬರ್‌ನ ಕಡೆಗೆ ಯಾರೂ ಕಣ್ಣೆತ್ತಲಿಲ್ಲ. ಲಾಯ್ಡ್ ಬಂದು ಗೂಡಿನತ್ತ ತಲೆಯೆತ್ತಿ, "ಒಂದೇ ತೂತು ಅಲ್ವಾ ಎಮಿಲ್, ಎರಡನೇದು ಬೀಳಕ್ಕೆ ಬಿಡ್ಲಿಲ್ಲ ನೋಡು" ಎಂದು ನಕ್ಕ. ನಗುವಾಗ ಅವನ ಗಲ್ಲ ಸ್ವಲ್ಪ ನಡುಗಿತು. ಎಮಿಲ್ ಅದನ್ನು ಕಂಡ, ರೇಡಿಯೋದಲ್ಲಿ ಹೇಳಲಿಲ್ಲ.

ಮೈದಾನ ಖಾಲಿಯಾಯಿತು. ಎಮಿಲ್ ಸಾಮಾನು ಕಟ್ಟಿಕೊಂಡ. ಸಾಮಾನೆಂದರೇನು, ಒಂದು ಥರ್ಮಾಸು, ಒಂದು ಮೆತ್ತೆ.

"ಯಾಕೆ ಹಾಗಂದ್ರಿ?" ಎಂದು ಪೆಂಬರ್ ಕೇಳಿದ. ದನಿ ಇನ್ನೂ ತೆಳ್ಳಗಾಗಿತ್ತು.

"ನನ್ನನ್ನ ಬೈದ್ರೆ ಭಾನುವಾರದೊಳಗೆ ಮರೀತಾರೆ. ನಿಮ್ಮನ್ನ ಬೈದ್ರೆ ನೀವು ಈ ಊರಲ್ಲಿರೋವರ್ಗೂ ಬೈತಾರೆ. ಹೊಸಬ್ರು ನೀವು, ಬ್ರೆಡ್ಡು ಗಿಡ್ಡು ಕೊಳ್ಳಕ್ಕೆ ಹೋಗ್ಬೇಕಲ್ಲ."

ಪೆಂಬರ್ ಎಮಿಲನ ಕಂಕುಳಿನಿಂದ ಮೆತ್ತೆಯನ್ನು ಮೆಲ್ಲಗೆ ಎಳೆದು, ಮತ್ತೆ ಆ ಕುರ್ಚಿಯ ಮೇಲೇ ಇಟ್ಟು, ಸರಿಮಾಡಿ ತಟ್ಟಿದ. "ನಾಳೆ ಮಧ್ಯಾಹ್ನ ನೀವೇ ಬನ್ನಿ" ಎಂದು ಏಣಿ ಇಳಿದ.

ಆ ಸಂಜೆ ಮನೆಗೆ ಹೋದಾಗ ಲೀಟಾ ಬಾಗಿಲಲ್ಲೇ ನಿಂತಿದ್ದಳು. "ಸುಳ್ಳುಗಾರ" ಅಂದಳು, ಅಷ್ಟೇ. ಎಮಿಲ್ ಎಂದಿನಂತೆ ಏನೂ ಹೇಳದೆ ಒಳಗೆ ಬಂದು, ಅವಳ ಪಕ್ಕದಲ್ಲಿ ಕೂತು, ಅವಳ ಬುಟ್ಟಿಯಿಂದ ಬಟಾಣಿ ತೆಗೆದು ಸುಲಿಯತೊಡಗಿದ. ಕೆಟ್ಟದಾಗಿ ಸುಲಿದ. ಅವಳು ಬೇಡ ಅನ್ನಲಿಲ್ಲ.

ಏನು? ಪೆಂಬರ್ ಏನಾದ ಅಂತೀರಾ? ಎಲ್ಲಿಗೆ ಹೋಗುತ್ತಾನೆ! ಊರಲ್ಲೇ ಉಳಿದ, ಹಿಲ್ಡಾಳ ತಂಗಿಯ ಮಗಳನ್ನೇ ಮದುವೆಯಾದ. ಮದುವೆಯಲ್ಲಿ ಪಾದ್ರಿ ಕೇಳಿದ್ದಕ್ಕೆಲ್ಲ ಹೌದು ಎನ್ನಲು ಹೆದರಿ ಬರೀ ತಲೆಯಾಡಿಸಿದ, ಬಾಯಿಬಿಟ್ಟರೆ ಕೆಡುತ್ತದೆಂದು. ನಂಬುವುದಿಲ್ಲವೇ? ಹಾಗಾದರೆ ಆ ಮದುವೆಯ ಕೇಕನ್ನು ನದಿಯ ಮೀನು ಬಂದು...

"ಅಜ್ಜಾ! ಜೋಳದ ತೆನೆ ಬೇಯ್ಸಿ ಬೆಣ್ಣೆ ಹಚ್ಚಿ ಆಗ್ಲೇ ಇಟ್ಟಾಯ್ತು. ಆರಿದ್ಮೇಲೆ ತಿಂದು ನನ್ನ ಬೈಬೇಡ!"

ಬಂದೆ ತಾಯಿ, ಬಂದೆ.