ಹಿಟ್ಟಿನ ಪಟ್ಟಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವರು. ಮಂಡ್ಯದ ಹತ್ತಿರದ ನಮ್ಮ ಬೀದಿಯವರ ರೇಷನ್ ಕಾರ್ಡು, ಪಿಂಚಣಿಯ ಅರ್ಜಿಗಳನ್ನೆಲ್ಲ ಎಂಟನೇ ಕ್ಲಾಸಿನಲ್ಲಿದ್ದಾಗಲೇ ಬರೆದುಕೊಟ್ಟವಳು ನಾನು. ಗೆರೆ ಹೊಡೆದು, ಕಾಲಂ ಮಾಡಿ, ಅಂದವಾಗಿ ಬರೆಯುವುದು ಅಲ್ಲಿಂದಲೇ ಅಂಟಿದ ಚಟ. ಅಮೆರಿಕದ ವಾಲ್ನಟ್ ಕ್ರೀಕ್ ಊರಿನ ಆಫೀಸಿನಲ್ಲಿ ಆ ಶೀಟು ಹುಟ್ಟಿದ್ದೂ ಈ ಚಟದಿಂದ.

ನಮ್ಮದು ಮೂವತ್ತು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ. ಯಾರಿಗೆ ಯಾವ ಹೊತ್ತು ಆಗುವುದಿಲ್ಲ ಎಂದು ತಿಳಿಯದೆ ಮೀಟಿಂಗುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಹಳೆಯ ಮಾಲೀಕರು ನನ್ನನ್ನು ಕರೆದು ಒಂದು ಶೀಟು ಮಾಡಿ ಎಂದರು. ಹೆಸರು, ಬಿಡುವಿಲ್ಲದ ಹೊತ್ತು, ಅವರು ಕೇಳಿದ್ದು ಇಷ್ಟೇ. 'ಕಾರಣ' ಎಂಬ ಮೂರನೆಯ ಕಾಲಂ ಸೇರಿಸಿದವಳು ನಾನು. ಕಾರಣ ಗೊತ್ತಿದ್ದರೆ ಯಾರೂ ಗೊಣಗುವುದಿಲ್ಲವಲ್ಲ! ಒಬ್ಬರು ಡೇಕೇರಿನಿಂದ ಮಗುವನ್ನು ಕರೆತರಬೇಕು, ಇನ್ನೊಬ್ಬರಿಗೆ ಬೆನ್ನಿನ ಥೆರಪಿ. ನನ್ನ ಪಕ್ಕದ ಟೇಬಲ್ಲಿನ ಹಾಸನದ ಕಡೆಯವನ ಸಾಲಿನಲ್ಲಿ ಹೀಗೆ ಬರೆದೆ: ಹೆಂಡತಿಗೆ ಡಯಾಲಿಸಿಸ್, ವಾರದಲ್ಲಿ ಎರಡು ಮಧ್ಯಾಹ್ನ ಹೋಗಬೇಕು, ವಿಮೆ ಆಫೀಸಿನದು, ವೀಸಾ ಕೂಡ ಆಫೀಸಿನದೇ. ಎಲ್ಲರೂ ಹೊಗಳಿದರು. ಅವನೂ ಹೊಗಳಿದ, ತನ್ನ ಸಾಲು ಓದಿದ್ದನೋ ಇಲ್ಲವೋ.

ಈ ವರ್ಷ ಕಂಪನಿ ಬೇರೆಯವರ ಕೈಗೆ ಹೋಯಿತು. ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಮೊದಲ ದಿನ ಎಲ್ಲರಿಗೂ ಡೋನಟ್ ಹಂಚಿದರು. ಕೆಲವರನ್ನು ತೆಗೆಯುತ್ತಾರಂತೆ ಎಂಬ ಮಾತು ಎರಡನೆಯ ವಾರಕ್ಕೇ ಶುರುವಾಯಿತು. ಬೇರೆಯವರ ಕೆಲಸ ಹೋದರೆ ಕೆಲಸ ಹೋಯಿತು, ಅಷ್ಟೆ. ಹಾಸನದವನ ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಹೆಂಡತಿಯ ಚಿಕಿತ್ಸೆಯೂ ಅದರ ಜೊತೆಗೇ ನಿಲ್ಲುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಿರಿವಂತರ ಊರಾದ ಲಾಸ್ ಗ್ಯಾಟೋಸಿನಿಂದ ಕಾರಿನಲ್ಲಿ ಬರುವ ಹೊಸ ಮ್ಯಾನೇಜರು "ನಿಮ್ಮ ಶೀಟು ನೋಡಿದೆ, ಇಷ್ಟು ಚೊಕ್ಕ ಕೆಲಸ ಅಪರೂಪ" ಎಂದಾಗ ನಾನು ಉಬ್ಬಿಹೋದೆ.

ಆ ಶನಿವಾರ ಬೆಳಿಗ್ಗೆ ಮನೆಯೊಡತಿಗೆ ಇದನ್ನು ಹೇಳಿದೆ. ಯೂನಿಯನ್ ಸಿಟಿಯಲ್ಲಿ ಆ ಅಜ್ಜಿಯ ಹಿತ್ತಲ ಮನೆಯಲ್ಲೇ ನಾನೂ ನನ್ನ ಗಂಡನೂ ಬಾಡಿಗೆಗಿರುವುದು. ಅವರು ಟರ್ಕಿಯ ದಡಕ್ಕೆ ಹತ್ತಿರವಿರುವ ಕೋಸ್ ಎಂಬ ಗ್ರೀಕ್ ದ್ವೀಪದವರು. ಬೇಲಿಯ ದ್ರಾಕ್ಷಿ ಬಳ್ಳಿಯಿಂದ ಅಡುಗೆಗೆ ಎಳೆ ಎಲೆ ಕೀಳುತ್ತಿದ್ದವರು ಕೈ ನಿಲ್ಲಿಸಿದರು.

"ಆ ಕಾಲಂ ಹಾಕು ಅಂತ ಯಾರು ಹೇಳಿದರು?"

"ಯಾರೂ ಇಲ್ಲ. ನನಗೇ ಹೊಳೀತು."

ಅವರು ಬುಟ್ಟಿ ಕೆಳಗಿಟ್ಟು ಕುಳಿತರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

"ನಮ್ಮೂರ ಬಂದರಿನ ಕೋಟೆ ಕಟ್ಟಿದವರು ಯುರೋಪಿನ ನೈಟರೆಂಬ ಕ್ರೈಸ್ತ ಯೋಧರು. ಅವರನ್ನು ಓಡಿಸಿ ತುರ್ಕರು ಬಂದರು. ನನ್ನಜ್ಜ ಹುಟ್ಟಿದ್ದು ಸುಲ್ತಾನನ ಪ್ರಜೆಯಾಗಿ, ನಾನು ಹುಟ್ಟಿದ್ದು ಇಟಲಿಯವರ ಕೈಕೆಳಗೆ. ಶಾಲೆಯಲ್ಲಿ ನಮ್ಮ ಭಾಷೆ ಆಡುವ ಹಾಗಿರಲಿಲ್ಲ. ನನಗೆ ಆರು ವರ್ಷವಾದಾಗ ಜರ್ಮನ್ನರು ಬಂದರು, ಅವರು ಸೋತ ಮೇಲೆ ಬ್ರಿಟಿಷರು, ಆಮೇಲೆ ಗ್ರೀಸು. ನಾವಿದ್ದದ್ದು ಅದೇ ಮನೆಯಲ್ಲಿ. ಅಪ್ಪ ಗುಮಾಸ್ತ. ಎರಡು ಭಾಷೆಯಲ್ಲಿ ಮುದ್ದಾಗಿ ಬರೆಯುತ್ತಿದ್ದ, ಅದಕ್ಕೇ ಯಾರು ಬಂದರೂ ಅವನನ್ನು ತೆಗೆಯಲಿಲ್ಲ."

ಇಟಲಿಯವರ ಕೊನೆಯ ವರ್ಷಗಳಲ್ಲಿ ಹಿಟ್ಟಿಗೆ ತತ್ವಾರವಾಯಿತಂತೆ. ಯಾವ ಮನೆಯಲ್ಲಿ ಎಷ್ಟು ಜನ ಎಂದು ಪಟ್ಟಿ ಮಾಡಲು ಅವರಪ್ಪನಿಗೆ ಹೇಳಿದರು. ಅವರಪ್ಪ ತಾವಾಗಿಯೇ ಒಂದು ಕಾಲಂ ಸೇರಿಸಿದರು: ಯಾವ ಮತ. ಹಬ್ಬಗಳು ಬೇರೆ ಬೇರೆ ಹೊತ್ತಿಗೆ ಬರುತ್ತವೆ, ಅವರವರ ಹಬ್ಬಕ್ಕೆ ಒಂದು ಹಿಡಿ ಹೆಚ್ಚು ಹಿಟ್ಟು ಕೊಡಬಹುದು ಎಂದು.

"ಜರ್ಮನ್ನರು ಬಂದಾಗ ಪಟ್ಟಿ ಕಪಾಟಿನಲ್ಲೇ ಇತ್ತು" ಎಂದರು ಅಜ್ಜಿ. "ಬೇಸಿಗೆಯಲ್ಲಿ ಯಹೂದಿ ಮನೆಗಳನ್ನೆಲ್ಲ ಖಾಲಿ ಮಾಡಿಸಿ ದೋಣಿ ಹತ್ತಿಸಿದರು. ಅವರು ಕಪಾಟು ತೆರೆದು ಪಟ್ಟಿ ಎತ್ತಿಕೊಂಡ ದಿನವೇ ಅಪ್ಪನಿಗೆ ಗೊತ್ತಾಗಿತ್ತು, ಮಗಳೇ. ಪಕ್ಕದ ಬೀದಿಗೆ ಹೋಗಿ ಹೇಳಲು ಹತ್ತು ನಿಮಿಷ ಸಾಕಿತ್ತು."

"ಯಾಕೆ ಹೇಳಲಿಲ್ಲ?"

"ಬರೆದವನು ತಾನೇ ಅಂತಲೂ ಹೇಳಬೇಕಾಗುತ್ತಿತ್ತಲ್ಲ."

ಸೋಮವಾರ ಆಫೀಸಿಗೆ ಹೋದವಳೇ ಮೂರನೆಯ ಕಾಲಂ ಅಳಿಸಿದೆ. ಮಧ್ಯಾಹ್ನ ಮ್ಯಾನೇಜರು ಕರೆದರು. "ಯಾರೋ ಕೈತಪ್ಪಿ ನಿಮ್ಮ ಕಾಲಂ ಅಳಿಸಿದ್ದಾರೆ. ಯೋಚನೆ ಬೇಡ, ನಮ್ಮ ಹತ್ತಿರ ಪ್ರತಿ ಇದೆ" ಎಂದು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ನಾನು ಬರೆದದ್ದೆಲ್ಲ ಹಾಗೇ ಇತ್ತು. ಐದಾರು ಸಾಲಿಗೆ ಹಳದಿ ಬಣ್ಣ ಹಚ್ಚಿದ್ದರು. ಹಾಸನದವನ ಸಾಲಿಗೂ ಹಚ್ಚಿದ್ದರು. ನಾನು ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

ಸಂಜೆ ರೈಲು ಸ್ಟೇಷನ್ನಿನಲ್ಲಿ ಹಾಸನದವನೇ ಸಿಕ್ಕ.

"ಏನಕ್ಕ, ಒಲೆ ಮೇಲೆ ಸಾರು ಉಕ್ಕಿ ಹೋದಂಗೆ ನಿಂತಿದ್ದೀರಾ? ಭಾವನ ಹತ್ರ ಜಗಳಾನಾ?"

"ನಿನಗೊಂದು ವಿಷ್ಯ ಹೇಳ್ಬೇಕು ಕಣೋ."

"ಪ್ರಮೋಷನ್ನಾ? ಹಂಗಾದ್ರೆ ಹೋಳಿಗೆ ಊಟ ಹಾಕ್ಸ್ಬೇಕು. ಅಂಗಡೀದು ನಡಿಯಲ್ಲ, ನಿಮ್ಮ ಕೈಯಿಂದಾನೇ ಆಗ್ಬೇಕು."

ಶೀಟಿನ ವಿಷಯ ಹೇಳಿದೆ. ಅವನು ನಕ್ಕ. "ಬಿಡಿ ಅಕ್ಕ, ಅದನ್ನ ಯಾರು ಓದ್ತಾರೆ? ನಮ್ಮ ಕೋಡೇ ಯಾರೂ ಓದಲ್ಲ."

"ಹಳದಿ ಬಣ್ಣ ಹಚ್ಚಿದ್ದಾರೆ. ನಿನ್ನ ಸಾಲಿಗೆ."

ನಗು ನಿಂತಿತು. ನಮ್ಮ ರೈಲು ಬಂತು. ಇಬ್ಬರೂ ಹತ್ತಲಿಲ್ಲ, ಅದು ಹೋಯಿತು.

"ಅವಳ ಹೆಸರೂ ಇದ್ಯಾ?"

"ಹೆಸರಿಲ್ಲ. ಕಾಯಿಲೆ ಇದೆ. ಇನ್ಶೂರೆನ್ಸು, ವೀಸಾ, ಎಲ್ಲಾ ಬರ್ದಿದ್ದೀನಿ."

"ನಾನು ನಿಮ್ಗೆ ಊಟದ ಟೇಬಲ್ಲಲ್ಲಿ ಹೇಳಿದ್ದು ಅದು." ಅವನ ದನಿ ಏರಲಿಲ್ಲ. "ಅದನ್ನ ಬರೀರಿ ಅಂತ ನಿಮ್ಗೆ ಯಾರಕ್ಕ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾನೇ ಬರ್ದೆ. ಇವತ್ತೇ ಲಾಯರ್ ಹತ್ರ ಮಾತಾಡು. ಬೇರೆ ಕಡೆ ಅಪ್ಲೈ ಮಾಡೋಕೆ ಶುರು ಮಾಡು. ಕಾಯ್ಬೇಡ."

ಅವನು ಫೋನು ತೆಗೆದ. ಲಾಯರಿಗೆ ಮಾಡುತ್ತಾನೆ ಎಂದುಕೊಂಡೆ. ಅವನು ಸ್ಕ್ರೀನನ್ನೇ ನೋಡುತ್ತಾ ನಿಂತ. ಆಮೇಲೆ ನನಗೂ ಕಾಣುವಂತೆ ಹಿಡಿದ. ಹೊಸ ಮ್ಯಾನೇಜರಿಂದ ಮೀಟಿಂಗಿಗೆ ಕರೆ ಬಂದಿತ್ತು: ಗುರುವಾರ ಬೆಳಿಗ್ಗೆ ಹತ್ತಕ್ಕೆ, ಹದಿನೈದು ನಿಮಿಷ. ಯಾತಕ್ಕೆ ಎಂದು ಬರೆದಿರಲಿಲ್ಲ.

"ನಿಮ್ಗೂ ಬಂದಿದ್ಯಾ?"

ನನ್ನ ಫೋನು ತೆಗೆದು ನೋಡಿದೆ. ಬಂದಿರಲಿಲ್ಲ.