ಕರಿಬಾಲದ ಶಾಂತಿದೂತ

ಶಾಂತಿ ಎಂದರೆ ಬಿಳಿ ಪಾರಿವಾಳ ಎಂದು ಮೊದಲು ಹೇಳಿದವನು ಯಾರೋ ನನಗೆ ಗೊತ್ತಿಲ್ಲ. ಯಾರೇ ಆಗಿರಲಿ, ಅವನು ಪಾರಿವಾಳ ಸಾಕಿದವನಲ್ಲ, ಸಾಕುವವರ ಮನೆಯಲ್ಲಿ ಹುಟ್ಟಿದವನಂತೂ ಅಲ್ಲವೇ ಅಲ್ಲ. ನಾನು ಹುಟ್ಟಿದ್ದೇನೆ. ನಮ್ಮ ಮಾಳಿಗೆಯ ಮೇಲೆ ಯಾವತ್ತೂ ಅರವತ್ತಕ್ಕೆ ಕಡಿಮೆ ಪಾರಿವಾಳ ಇದ್ದದ್ದಿಲ್ಲ, ಅವುಗಳ ದೆಸೆಯಿಂದ ನಾನು ಒಂದು ದಿನವೂ ಶಾಂತಿ ಕಂಡವಳಲ್ಲ. ಒಣಹಾಕಿದ ಹಪ್ಪಳದ ಮೇಲೆ ಹಿಕ್ಕೆ, ಒಗೆದ ಸೀರೆಯ ಮೇಲೆ ಹಿಕ್ಕೆ, ಮೆಟ್ರಿಕ್ ಪರೀಕ್ಷೆಗೆ ಓದೋಣವೆಂದು ಮೇಲೆ ಹೋದರೆ ಪುಸ್ತಕದ ಮೇಲೂ ಹಿಕ್ಕೆ. ಇಂಥದ್ದನ್ನು ಜನ ಶಾಂತಿದೂತ ಎನ್ನುತ್ತಾರೆ.

ನಮ್ಮದು ಹೈದರಾಬಾದಿನ ಹಳೇ ಊರಿನ ಅಂಚಿಗಿದ್ದ ಒಂದು ಗಲ್ಲಿ. ಅಜ್ಜ ರಾಯಚೂರಿನ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದವರು. ಆಮೇಲೆ ರಾಜ್ಯಗಳನ್ನು ಒಡೆದರು, ಕೂಡಿಸಿದರು, ಈ ಊರು ಆಂಧ್ರಪ್ರದೇಶದ ರಾಜಧಾನಿಯಾಯಿತು, ನಮ್ಮ ಜಿಲ್ಲೆ ಅತ್ತ ಮೈಸೂರಿಗೆ ಸೇರಿತು. ನಾವು ಮಾತ್ರ ಕದಲಲಿಲ್ಲ. ಅಪ್ಪ ನೀರಾವರಿ ಇಲಾಖೆಯಲ್ಲಿ ಕಾಲುವೆಗಳ ನಕ್ಷೆ ಬರೆದು ಬರೆದು ರಿಟೈರ್ ಆದರು. ನಾನು ದಿಲ್‌ಸುಖ್‌ನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದೆ. ಎದುರು ಮನೆಯಲ್ಲಿ ಗಡಿಯಾರ ರಿಪೇರಿಯ ಚಾಚಾ ಇದ್ದರು. ಎರಡು ಮನೆಗಳ ನಡುವಿನ ಗಲ್ಲಿ ಎಷ್ಟು ಅಗಲವೆಂದರೆ, ಎದುರಾಬದುರು ಎರಡು ಸೈಕಲ್ ಬಂದರೆ ಒಬ್ಬರು ಇಳಿಯಲೇಬೇಕು.

ಅಪ್ಪನ ಹಾಗೆ ಚಾಚಾನಿಗೂ ಪಾರಿವಾಳದ ಹುಚ್ಚು. ಸಾಯಂಕಾಲ ನಾಲ್ಕಕ್ಕೆ ಎರಡೂ ಮಾಳಿಗೆಗಳಿಂದ ಹಿಂಡು ಹಾರುತ್ತಿದ್ದವು. ಮೇಲೆ ಹಿಂಡುಗಳು ಬೆರೆತಾಗ ಸಿಳ್ಳೆ ಹೊಡೆದು, ಬಿದಿರುಕೋಲಿಗೆ ಕಟ್ಟಿದ ಬಟ್ಟೆ ಬೀಸಿ, ಕಾಳು ಚೆಲ್ಲಿ, ಎದುರಿನವನ ಒಂದು ಹಕ್ಕಿಯನ್ನಾದರೂ ತನ್ನ ಮಾಳಿಗೆಗೆ ಇಳಿಸಿಕೊಳ್ಳುವುದು ಆಟ. ಇಳಿದದ್ದು ಹಿಡಿದವನ ಕೈದಿ. ಹಕ್ಕಿ ಬೇಕಾದರೆ ಅದರ ಯಜಮಾನ ತಾನೇ ಎದುರಿನವನ ಮಾಳಿಗೆ ಹತ್ತಿ ಬಂದು, ನಾಲ್ಕು ಮಾತು ಅನ್ನಿಸಿಕೊಂಡು, ಒಂದು ಚಹಾ ಕುಡಿದು ಬಿಡಿಸಿಕೊಂಡು ಹೋಗಬೇಕು. ಹಿಡಿದವನು ತಾನಾಗಿ ಒಯ್ದು ಕೊಡುವಂತಿಲ್ಲ. ಹಾಗೆ ಕೊಟ್ಟರೆ, ನಿನ್ನ ಸಂಗಡ ಆಟ ಇನ್ನು ಸಾಕು ಎಂದು ಅರ್ಥ. ಇಬ್ಬರು ಮುದುಕರು ಇದನ್ನು ಕೋರ್ಟಿನ ಕಾಯ್ದೆಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದರು.

ಎರಡು ಮನೆಯವರು ಹಬ್ಬಕ್ಕೆ ಸಿಹಿ ಹಂಚಿಕೊಂಡು ಬಾಳಿದರು ಎಂದು ಭಾಷಣಕಾರರು ಹೇಳುತ್ತಾರಲ್ಲ, ಅಂಥದ್ದೇನೂ ಇಲ್ಲ. ಇವರು ಬೈದಾಡಿಕೊಂಡು ಬಾಳಿದರು. "ಏ ಪಂಡತ್! ಮೇರಾ ಪರಿಂದಾ ಛೋಡ್!" ನನ್ನ ಹಕ್ಕಿ ಬಿಡು ಎಂದು ಅಲ್ಲಿಂದ. "ಹಿಮ್ಮತ್ ಹೈ ತೋ ಉಪ್ಪರ್ ಆ ಮಿಯಾ!" ಧೈರ್ಯವಿದ್ದರೆ ಮೇಲೆ ಬಾ ಎಂದು ಇಲ್ಲಿಂದ. ಮೂವತ್ತು ವರ್ಷ ಇದೇ. ಅವ್ವ ಇದನ್ನು ಕೇಳಿಯೇ ಸಂಜೆಯ ಚಹಾಕ್ಕೆ ನೀರಿಡುತ್ತಿದ್ದಳು.

ಆಮೇಲೆ ಊರಿನಲ್ಲಿ ಗಲಾಟೆಯಾಯಿತು, ಕರ್ಫ್ಯೂ ಬಿತ್ತು. ನಮ್ಮ ಗಲ್ಲಿಯಲ್ಲಿ ಯಾರೂ ಯಾರಿಗೂ ಕಲ್ಲೆಸೆಯಲಿಲ್ಲ, ಆದರೆ ನಾಲ್ಕು ಗಲ್ಲಿ ಆಚೆ ಬೆಂಕಿ ಕಂಡಿತ್ತು. ಚಾಚಾ ಮನೆಯವರನ್ನು ಕರೆದುಕೊಂಡು ಮಗಳ ಮನೆಗೆ ಹೋದರು. ಕರ್ಫ್ಯೂ ಸಡಿಲಿಸಿದ ಎರಡು ತಾಸಿನಲ್ಲಿ ಬಂದು, ಹಕ್ಕಿಗಳನ್ನು ಒಂದು ಸುತ್ತು ಹಾರಿಸಿ, ಕಾಳು ಹಾಕಿ, ತಲೆ ಎತ್ತದೆ ಹೋಗುತ್ತಿದ್ದರು. ಹದಿನೈದು ದಿನ ಬಿಟ್ಟು ಎಲ್ಲರೂ ವಾಪಸು ಬಂದರು. ಚಾಚಾ ಬಂದವರೇ, ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಕೈ ಎತ್ತಿ, "ಆದಾಬ್ ಅರ್ಜ್ ಹೈ ಜನಾಬ್" ಎಂದು ಅಪರಿಚಿತರಿಗೆ ಹೇಳುವ ಮರ್ಯಾದೆಯಲ್ಲಿ ಹೇಳಿ ಒಳಗೆ ಹೋದರು.

ಅಪ್ಪ ಅಲ್ಲೇ ನಿಂತುಬಿಟ್ಟರು. "ಜನಾಬ್ ಅಂದ. ನನಗ ಜನಾಬ್ ಅಂದ," ಎಂದು ಅವ್ವನಿಗೆ ಎರಡು ಸಲ ಹೇಳಿದರು. ಅವ್ವನೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. ಮೂವತ್ತು ವರ್ಷದಲ್ಲಿ ಅಷ್ಟು ಕೆಟ್ಟ ಮಾತನ್ನು ಚಾಚಾ ಆಡಿದ್ದು ಅದೇ ಮೊದಲು.

ಅಂದಿನಿಂದ ಅವರು ಹಕ್ಕಿ ಹಾರಿಸುವ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿದರು. ನಾಲ್ಕಕ್ಕೆ ಅಪ್ಪ ಮಾಳಿಗೆ ಹತ್ತಿದರೆ ಎದುರಿನ ಮಾಳಿಗೆ ಖಾಲಿ. ಒಂದು ವಾರ ಕಳೆಯುವಷ್ಟರಲ್ಲಿ ಮನೆ ದಲ್ಲಾಳಿಯೊಬ್ಬ ಎದುರಿನ ಮನೆ ನೋಡಿಕೊಂಡು ಹೋದ. ಚಾಚಾ ಮನೆ ಮಾರುತ್ತಾರಂತೆ, ತಮ್ಮವರು ಹೆಚ್ಚಿರುವ ಕಡೆ ಹೋಗುತ್ತಾರಂತೆ ಎಂದು ಸುದ್ದಿ ಹಬ್ಬಿತು.

"ನಿಮ್ಮಪ್ಪಗ ಊಟ ಸೇರವಲ್ದು," ಎಂದಳು ಅವ್ವ. "ಆ ಚಾಚಾ ಹೋದ್ರ ಇವರು ಯಾರ ಜೋಡಿ ಜಗಳಾಡ್ತಾರ? ನನ್ನ ಜೋಡಿ ಸುರು ಮಾಡ್ತಾರ. ನನಗ ಆಗಾಂಗಿಲ್ಲ ನೋಡು."

ನಾನು ಅಪ್ಪನ ಹತ್ತಿರ ಹೋದೆ. "ಅಪ್ಪಾ, ಹತ್ತು ಹೆಜ್ಜಿ ಇಲ್ಲ ಅವರ ಮನಿ. ಹೋಗಿ ಮಾತಾಡಿಸ್ರಿ. ಮಾರಬ್ಯಾಡ ಅಂತ ಹೇಳ್ರಿ."

"ಈಗ ಅವಂದ ಪಾಳಿ ಐತಿ," ಎಂದರು ಅಪ್ಪ. ಎಷ್ಟು ಕೇಳಿದರೂ ಅಷ್ಟೇ ಮಾತು. ಮುದುಕರ ಸೊಕ್ಕು ಎಂದುಕೊಂಡು ನಾನು ಹಲ್ಲು ಕಡಿದು ಕೆಳಗಿಳಿದೆ.

ಅದೇ ಹೊತ್ತಿಗೆ ಹಿಮಾಯತ್‌ನಗರದಲ್ಲಿ ಒಂದು ಶಾಂತಿ ಸಮಿತಿ ಹುಟ್ಟಿಕೊಂಡಿತು. ಕಲೆಯ ಮೂಲಕ ಸೌಹಾರ್ದ ಎಂಬುದು ಅವರ ಮಂತ್ರ. ಗಲಾಟೆಯಾದ ಕಡೆಯ ಗೋಡೆಗಳ ಮೇಲೆಲ್ಲ ಚಿತ್ರ ಬರೆಸುವುದೆಂದು ನಿಶ್ಚಯಿಸಿದ್ದರು. ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ನನ್ನನ್ನು ಕೇಳದೆಯೇ ನನ್ನ ಹೆಸರು ಕೊಟ್ಟಿದ್ದರು. ಅಧ್ಯಕ್ಷರು ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ನನ್ನನ್ನು ನೋಡಿ ಬಹಳ ಸಂತೋಷಪಟ್ಟು, "ಮೀರು ಕನ್ನಡವಾಳ್ಳು ಕದಾ ಮೇಡಂ, ಮೀಕು ಏ ಗೊಡವಾ ಲೇದು," ಎಂದರು. ಕನ್ನಡದವರಾದ ಮಾತ್ರಕ್ಕೆ ನಮಗೆ ಯಾವ ಜಗಳವೂ ಇಲ್ಲವೆಂದು ಅವರಿಗೆ ಹೇಳಿದವರು ಯಾರೋ! ನಮ್ಮ ಮನೆಗೆ ಒಂದು ಸಂಜೆ ಬಂದಿದ್ದರೆ ಗೊತ್ತಾಗುತ್ತಿತ್ತು.

ಮೂರು ಸಭೆ ಕೂತೆವು. ಮೊದಲ ಸಭೆಯಲ್ಲಿ ಗೋಡೆಯ ಮೇಲೆ ಶಾಂತಿ ಎಂದು ಬರೆಯುವುದೆಂದಾಯಿತು. ಎರಡನೆಯದರಲ್ಲಿ ತೆಲುಗು ಮೇಲೆ ಬರಬೇಕೋ ಉರ್ದು ಮೇಲೆ ಬರಬೇಕೋ ಎಂದು ಜಗಳ ಹತ್ತಿ ಒಬ್ಬರು ಎದ್ದು ಹೋದರು. ಮೂರನೆಯದರಲ್ಲಿ ಅಕ್ಷರವೇ ಬೇಡ, ಬಿಳಿ ಪಾರಿವಾಳ ಸಾಕು ಎಂದಾಯಿತು. ಅದರ ಕೊಕ್ಕಿನಲ್ಲಿ ಎಲೆ ಇರಬೇಕಂತೆ. ಯಾವ ಎಲೆ? ತುಳಸಿ ಎಂದರೆ ಒಬ್ಬರು ಕೆಮ್ಮಿದರು, ಬೇವು ಎಂದರೆ ಇನ್ನೊಬ್ಬರು ಅಮ್ಮನವರ ಜಾತ್ರೆಯದಾಯಿತಲ್ಲ ಎಂದರು. ಬಿಸ್ಕೀಟು ಮಾತ್ರ ಎಲ್ಲರೂ ಒಮ್ಮತದಿಂದ ತಿಂದರು. ನನಗೆ ತಲೆ ಚಿಟ್ಟುಹಿಡಿದು, ಎಲೆಯಿಲ್ಲದ ಹಕ್ಕಿ ಬರೆಯುತ್ತೇನೆ, ಬೇಕಾದರೆ ಬರೆಸಿ, ಇಲ್ಲವಾದರೆ ಬಿಡಿ ಎಂದು ಎದ್ದು ನಿಂತೆ.

ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಯಾಕೆಂದರೆ ಅವರು ಗೊತ್ತು ಮಾಡಿದ ಗೋಡೆ ನಮ್ಮ ಗಲ್ಲಿಯ ಬಾಯಲ್ಲೇ ಇತ್ತು, ಮುಚ್ಚಿಹೋದ ಕಟ್ಟಿಗೆ ಅಡ್ಡೆಯ ಉದ್ದನೆಯ ಗೋಡೆ. ಚಾಚಾ ದಿನಾ ಅಂಗಡಿಗೆ ಹೋಗುವಾಗ ಅದನ್ನು ದಾಟಿಯೇ ಹೋಗಬೇಕು. ಚೆಂದದ ಚಿತ್ರ ಕಂಡರೆ ಅವರ ಮನಸ್ಸು ತಿರುಗೀತೋ ಏನೋ ಎಂಬ ಆಸೆ ನನಗೆ. ಹೇಳಲು ನಾಚಿಕೆ, ಆದರೆ ಆಗ ನಾನೂ ಸಮಿತಿಯವರಷ್ಟೇ ಪೆದ್ದಿ.

ಸಮಿತಿ ಕೊಟ್ಟ ಕ್ಯಾಲೆಂಡರಿನ ಪಾರಿವಾಳ ಬಾತುಕೋಳಿಯ ಹಾಗಿತ್ತು. ನಾನು ಮಕ್ಕಳಿಗೆ ಕಂಡದ್ದನ್ನು ನೋಡಿ ಬರೆಯಿರಿ ಎಂದು ಕಲಿಸುವವಳು. ಮಾಳಿಗೆ ಹತ್ತಿ ಅಪ್ಪನನ್ನು ಒಂದು ಬಿಳಿ ಹಕ್ಕಿ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಮೂಲೆಯಲ್ಲಿ ಬೇರೆ ಇಟ್ಟಿದ್ದ ಸಣ್ಣ ಪಂಜರದಿಂದ ಒಂದನ್ನು ತೆಗೆದು ಕೊಟ್ಟರು. ಮೈ ಹಾಲಿನಷ್ಟು ಬಿಳುಪು, ಬಾಲ ಮಾತ್ರ ಅಪ್ಪಟ ಕಪ್ಪು. ಎಡಗಾಲಿನಲ್ಲಿ ಹಿತ್ತಾಳೆಯ ಒಂದು ಪುಟ್ಟ ಹಲ್ಲುಚಕ್ರ.

"ಎಲ್ಲಾ ಬೆಳ್ಳಗ ಇದ್ದದ್ದು ಇಲ್ಲೇನ್ರಿ?"

"ಇದನ್ನ ಬರಿ. ಬಾಲ ಕರೇದ ಬರಿ. ಕಾಲಾಗಿನ ಚಕ್ರಾನೂ ಬಿಡಬ್ಯಾಡ. ಇದ್ದದ್ದು ಇದ್ದಂಗ ಬರಿ," ಎಂದರು ಅಪ್ಪ.

ನನ್ನ ಚಿತ್ರಗಳ ಬಗ್ಗೆ ಅಪ್ಪ ಅಷ್ಟು ಮಾತಾಡಿದ್ದು ಅದೇ ಮೊದಲು. ದಿನಾ ಗೋಡೆಯ ಹತ್ತಿರ ಬಂದು ನಿಂತು ನೋಡುತ್ತಿದ್ದರು. ಚಕ್ರದ ಹಲ್ಲು ಎಣಿಸಿ, ಒಂದು ಕಡಿಮೆಯಾಗಿದೆ ಎಂದು ತಿದ್ದಿಸಿದರು. ಕೊನೆಗೂ ಅಪ್ಪನಿಗೆ ಮಗಳ ಕೆಲಸದ ಬೆಲೆ ತಿಳಿಯಿತಲ್ಲ ಎಂದು ನಾನು ಏಣಿಯ ಮೇಲೆ ನಿಂತು ಉಬ್ಬಿಹೋದೆ.

ಉದ್ಘಾಟನೆಯ ದಿನ ಗೋಡೆಗೆ ಪರದೆ ಕಟ್ಟಿ, ಗಲ್ಲಿಯ ಬಾಯಲ್ಲಿ ಕುರ್ಚಿ ಹಾಕಿದರು. ಎಲ್ಲ ಧರ್ಮದವರೂ ಮುಂದಿನ ಸಾಲಿನಲ್ಲಿ ಕಾಣಬೇಕೆಂದು ಅಧ್ಯಕ್ಷರು ತಾವೇ ಹೋಗಿ ಚಾಚಾನನ್ನು ಕರೆತಂದು ಒಂದು ತುದಿಗೆ ಕೂರಿಸಿದರು. ಇನ್ನೊಂದು ತುದಿಗೆ ಅಪ್ಪ. ನಡುವೆ ಮುಕ್ಕಾಲು ತಾಸು ಭಾಷಣ. ಆಮೇಲೆ ಪರದೆ ಸರಿಸಿದರು. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಲ್ಲುವ ಮೊದಲೇ ಚಾಚಾ ಎದ್ದು ನಿಂತಿದ್ದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಗೋಡೆಯ ಹತ್ತಿರ ಹೋಗಿ ಹಕ್ಕಿಯ ಕಾಲನ್ನು ನೋಡಿದರು. ತಿರುಗಿ ಬೆರಳು ತೋರಿಸಿ, ಹಕ್ಕಿ ತನ್ನದು, ಗಡಿಯಾರದ ಆ ಚಕ್ರ ತಾನೇ ತೊಡಿಸಿದ್ದು ಎಂದು ಕೂಗಿದರು: "ಯೇ ಮೇರಾ ಪರಿಂದಾ ಹೈ! ಮೇರೇ ಹಾಥ್ ಕಾ ಚಕ್ಕರ್ ಹೈ! ಪಂಡತ್, ಚೋರ್!"

ಕರ್ಫ್ಯೂ ಎದ್ದು ಇನ್ನೂ ಬಹಳ ದಿನವಾಗಿರಲಿಲ್ಲ. ಒಂದು ಕೂಗಿಗೆ ಬೀದಿಯ ಅಂಗಡಿಗಳ ಶಟರು ದಡದಡನೆ ಇಳಿದವು. ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಶಾಂತಿ ಸಮಿತಿಯ ಅಧ್ಯಕ್ಷರು ನನಗೆ ಹಾಕಬೇಕಿದ್ದ ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಜೀಪು ಹತ್ತಿದರು. ಪೊಲೀಸಿನವನೊಬ್ಬ ಲಾಠಿ ಹಿಡಿದು ಓಡಿ ಬಂದ. ನನ್ನ ಕೈಯಾರೆ ಬರೆದ ಹಕ್ಕಿ ಗಲ್ಲಿಗೆ ಬೆಂಕಿ ಇಟ್ಟಿತು, ಇನ್ನು ಚಾಚಾ ನಾಳೆಯೇ ಗಂಟುಮೂಟೆ ಕಟ್ಟುತ್ತಾರೆ ಎಂದು ಅಳು ಬಂತು.

ಅಪ್ಪ ಮಾತ್ರ ನಿಧಾನವಾಗಿ ಎದ್ದರು. ಮುಖ ಹದಿನೆಂಟರ ಹುಡುಗನ ಹಾಗೆ ಕೆಂಪಾಗಿತ್ತು. "ತೇರಾ ಹೈ ತೋ ಉಪ್ಪರ್ ಆ ಕೆ ಲೇ ಜಾ!"

ಚಾಚಾ ಚಪ್ಪಲಿ ಬಿಟ್ಟು, ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಅವರ ಹಿಂದೆ ಅಪ್ಪ. ಪೊಲೀಸಿನವನಿಗೆ ನಾನು ತೆಲುಗಿನಲ್ಲಿ ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಮೇಲಿನಿಂದ ಅರ್ಧ ತಾಸು ಬೈಗುಳ ಕೇಳಿಸಿತು. ಅಪ್ಪನ ಏಳು ತಲೆಮಾರು, ಚಾಚಾನ ಏಳು ತಲೆಮಾರು. ಅವ್ವ ಸದ್ದಿಲ್ಲದೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಚಹಾ ತೆಗೆದುಕೊಂಡು ಹೋದರೆ, ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ಹಕ್ಕಿಯ ರೆಕ್ಕೆಯನ್ನು ಬಿಡಿಸಿ ನೋಡುತ್ತಿದ್ದರು. "ದಾನಾ ನೈ ಡಾಲಾ ಕ್ಯಾ ಇಸ್ಕು? ಪೂರಾ ಸೂಖ್ ಗಯಾ," ಎಂದು ಚಾಚಾ, ಕಾಳಿಲ್ಲದೆ ಹಕ್ಕಿ ಸೊರಗಿದೆಯೆಂದು ಗೊಣಗಿದರು. ನಿನಗಿಂತ ಚೆನ್ನಾಗಿ ಸಾಕಿದ್ದೇನೆ ಎಂದು ಅಪ್ಪ. ನನ್ನ ಚಿತ್ರದ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ.

ಸಮಿತಿಯಿಂದ ನನಗೆ ಪತ್ರ ಬಂತು. ಸಾರ್ವಜನಿಕರ ಭಾವನೆ ಕೆರಳಿಸುವ ಅಂಶಗಳನ್ನು ಕಲಾವಿದರು ತಮ್ಮ ಚಿತ್ರದಲ್ಲಿ ಸೇರಿಸಬಾರದಿತ್ತಂತೆ. ಒಬ್ಬ ಪೇಂಟರನನ್ನು ಕಳಿಸಿ ಬಾಲಕ್ಕೆ ಬಿಳಿ ಬಳಿಸಿದರು, ಚಕ್ರವನ್ನು ಅಳಿಸಿದರು. ನಾಲ್ಕು ವಾರದ ನನ್ನ ದುಡಿಮೆ ಬಾತುಕೋಳಿಯಾಗಿ ನಿಂತಿತು. ಸಿಟ್ಟಿಗೆ ಆ ಪತ್ರವನ್ನು ಒಲೆಗೆ ಹಾಕಿದೆ.

ಆ ತಿಂಗಳ ಕೊನೆಗೆ ದಲ್ಲಾಳಿ ಮತ್ತೆ ಬಂದ. ಸಂಜೆ ನಾಲ್ಕರ ಹೊತ್ತು, ಎರಡೂ ಹಿಂಡು ಮೇಲಿದ್ದವು. ಚಾಚಾ ಮಾಳಿಗೆಯಿಂದಲೇ ಬಗ್ಗಿ, "ಮಕಾನ್ ನೈ ದೇನಾ ಮಿಯಾ, ಜಾವೋ. ಇಸ್ಕೆ ಪಾಸ್ ಮೇರೇ ದೋ ಪರಿಂದೇ ಹೈಂ, ಲಿಯೇ ಬಗೈರ್ ಕೈಸಾ ಜಾವೂಂ?" ಎಂದು ಕೂಗಿದರು. ಅಪ್ಪ ಅವರವು ಮತ್ತೆರಡು ಹಿಡಿದಿದ್ದರು, ಅವನ್ನು ಬಿಡಿಸಿಕೊಳ್ಳದೆ ಮನೆ ಬಿಡುವುದು ಹೇಗೆ! ದಲ್ಲಾಳಿ ಹಕ್ಕಿಗಾಗಿ ಮನೆ ಬಿಡದ ಹುಚ್ಚರನ್ನು ಬೈದುಕೊಂಡು ಹೋದ. ಕೊನೆಯವರೆಗೂ ಚಾಚಾ ಮನೆ ಮಾರಲಿಲ್ಲ.

ಎಲ್ಲ ನೆಟ್ಟಗಾಯಿತು, ನನ್ನ ಹೊಟ್ಟೆಯುರಿ ಮಾತ್ರ ಆರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಮಾಳಿಗೆಯಲ್ಲಿ ಮೊರ ಇಟ್ಟುಕೊಂಡು ಸಜ್ಜೆಯಲ್ಲಿ ಹರಳು ಆರಿಸುತ್ತ ಕೂತಿದ್ದಾಗ ಹಿಡಿದುಕೊಂಡೆ.

"ಅದು ಕರ್ಫ್ಯೂದಾಗ ನಮ್ಮ ಮಾಳಿಗಿಗೆ ಇಳಿದ ಚಾಚಾನ ಹಕ್ಕಿ ಅಂತ ಗೊತ್ತಿದ್ದೂ ನನ್ನ ಕಡಿಂದ ಬರಸಿದ್ರಿ. ಊರ ಮುಂದ ನನ್ನ ಮಾರಿಗೆ ಮಸಿ ಬಳದ್ರಿ. ಅಷ್ಟು ದಿನಾ ಪಂಜರದಾಗ ಇಟ್ಕೊಂಡು ಕುಂದ್ರೂದ್ಯಾಕ? ಒಯ್ದು ಕೊಟ್ಟಿದ್ರ ಮುಗೀತಿತ್ತು!"

"ತಾನಾಗಿ ಒಯ್ದು ಕೊಡೂ ರಿವಾಜ್ ಇಲ್ಲ."

"ಸುಡ್ರಿ ನಿಮ್ಮ ರಿವಾಜ್! ಹಕ್ಕಿ ಬ್ಯಾಡ, ಬರಿಗೈಲೆ ಹೋಗಿ ಹ್ಯಾಂಗಿದ್ದಿ ಮಿಯಾ ಅಂತ ಕೇಳಬೇಕಿತ್ತು. ಅದಕ್ಕೂ ರಿವಾಜ್ ಅಡ್ಡ ಬಂತೇನು?"

ಅಪ್ಪ ಇನ್ನೊಂದು ಹರಳು ಆರಿಸಿ ಬದಿಗೆ ಹಾಕಿದರು.

"ಎರಡು ಸಲ ಹೋಗಿದ್ದೆ. ಅವನ ಬಾಗಲದ ಮುಂದ ನಿಂತು, ಚಿಲಕಕ್ಕ ಕೈನೂ ಹಚ್ಚಿದ್ದೆ," ಎಂದರು. "ಬಡದ ಮ್ಯಾಲೂ ಅವ ತಗೀಲಿಲ್ಲಂದ್ರ ಅಂತ ಹೆದರಿಕಿ ಬಂತವ್ವಾ."